‘ಸುಸ್ತು’ ಅನ್ನುವುದನ್ನು ಬಿಡಿ, ಮಾರನೇ ದಿನದ ಕಥೆ ಹೇಳಿ

ಹೋದ ವರ್ಷ ಚಿಕ್ಕಮ್ಮನ ಮಗನ ಗೃಹಪ್ರವೇಶ ಇತ್ತು. ನಮ್ಮ ಮನೆಯಿಂದ ಆಟೋದಲ್ಲಿ ಇಪ್ಪತ್ತು ನಿಮಿಷದ ದಾರಿ. ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ಹೋದೆ. ಸತ್ಯನಾರಾಯಣ ಪೂಜೆ ಮುಗಿಯುವ ತನಕ ಗೋಡೆಗೆ ಒರಗಿ ಕೂತಿದ್ದೆ. ಬಂದವರನ್ನೆಲ್ಲ ನಗುನಗುತ್ತಾ ಮಾತಾಡಿಸಿದೆ. ಎರಡನೇ ಪಂಕ್ತಿಯಲ್ಲಿ ಊಟ ಮುಗಿಸಿ, ಅರಿಶಿನ ಕುಂಕುಮ ತೆಗೆದುಕೊಂಡು ಹೊರಟೆ. ಒಟ್ಟು ಮೂರು ಗಂಟೆ. ಬಾಗಿಲ ಹತ್ತಿರ ದೊಡ್ಡಮ್ಮ ಕೈ ಹಿಡಿದುಕೊಂಡು, "ಚೆನ್ನಾಗೇ ಇದ್ಯಲ್ಲೇ! ಸುಮ್ನೆ ಮನೇಲಿ ಕೂತ್ಕೊಂಡ್ರೆ ಸುಸ್ತು ಜಾಸ್ತಿ. ಹೀಗೆ ನಾಲ್ಕು ಕಡೆ ಓಡಾಡ್ತಿರು" ಅಂದರು. ಪ್ರೀತಿಯಿಂದಲೇ ಹೇಳಿದ್ದು.

ಮಾರನೇ ದಿನ ಬೆಳಿಗ್ಗೆ ಏನೂ ಆಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗಂಟಲು ಕೆರೆಯಲು ಶುರುವಾಯಿತು. ಆಮೇಲೆ ಕತ್ತಿನ ಗಂಟುಗಳಲ್ಲಿ ನೋವು, ಜ್ವರ ಬರುವ ಮುಂಚೆ ಆಗುವಂಥ ಮೈಕೈ ಸೆಳೆತ. ಸಂಜೆ ಕುಕ್ಕರ್ ಕೂಗಿದರೆ ತಲೆಯೊಳಗೇ ಕೂಗಿದ ಹಾಗೆ. ಮಗಳು ಹತ್ತಿರ ಬಂದು ಏನೋ ಕೇಳಿದಳು. ಮಾತು ಕಿವಿಗೆ ಬಿತ್ತು, ಅರ್ಥ ಆಗಲಿಲ್ಲ. ನಾಲ್ಕು ದಿನ ಬಚ್ಚಲಿಗೆ ಹೋಗುವುದಕ್ಕೆ ಬಿಟ್ಟರೆ ಏಳಲಿಲ್ಲ. ಐದನೇ ದಿನ ತಲೆ ಬಾಚಿಕೊಂಡೆ.

ದೊಡ್ಡಮ್ಮ ನೋಡಿದ್ದು ಆ ಮೂರು ಗಂಟೆಯನ್ನು. ಆ ನಾಲ್ಕು ದಿನವನ್ನು ನೋಡಿಲ್ಲ. ಕ್ರಾನಿಕ್ ಫಟೀಗ್ ಸಿಂಡ್ರೋಮ್ ಅನ್ನುವ ನಮ್ಮ ಕಾಯಿಲೆಯನ್ನು ಇನ್ನೊಬ್ಬರಿಗೆ ಹೇಳುವುದು ಯಾಕೆ ಇಷ್ಟು ಕಷ್ಟ ಅಂದರೆ ಇದಕ್ಕೇ. ನಾವು ಎದ್ದು ಓಡಾಡುವಾಗ ಮಾತ್ರ ಜನರ ಕಣ್ಣಿಗೆ ಬೀಳುತ್ತೇವೆ. ಬಿದ್ದುಕೊಂಡಾಗ ಬಾಗಿಲು ಹಾಕಿರುತ್ತದೆ. ಹಾಗಾಗಿ ನೋಡಿದವರೆಲ್ಲ ಚೆನ್ನಾಗಿರುವ ನಮ್ಮನ್ನೇ ನೋಡಿರುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ನಾವೂ ಹೇಳುತ್ತಿಲ್ಲ. ನಡುವೆ ಇರುವ ಆ ಮಾರನೇ ದಿನ ಮಾತ್ರ ಯಾರಿಗೂ ಕಾಣುತ್ತಿಲ್ಲ. ಅದನ್ನು ಮಾತಿನಲ್ಲಿ ತಂದು ತೋರಿಸುವುದು ಹೇಗೆ ಅಂತ ಕೆಲವು ವರ್ಷಗಳಿಂದ ಕಲಿಯುತ್ತಿದ್ದೇನೆ. ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ.

ಇದು ಯಾವ ಕಾಯಿಲೆ

ಹೆಚ್ಚು ಜನ ಕೇಳಿರುವ ಹೆಸರು ಕ್ರಾನಿಕ್ ಫಟೀಗ್ ಸಿಂಡ್ರೋಮ್. ಇನ್ನೊಂದು ಹೆಸರು ಮಯಾಲ್ಜಿಕ್ ಎನ್ಸೆಫಲೋಮೈಲೈಟಿಸ್. ಎರಡನ್ನೂ ಸೇರಿಸಿ ವೈದ್ಯರು ಎಂಇ-ಸಿಎಫ್‌ಎಸ್ ಅನ್ನುತ್ತಾರೆ. ಇದನ್ನು ತೋರಿಸಿಕೊಡುವ ಒಂದು ರಕ್ತ ಪರೀಕ್ಷೆ ಅಂತ ಇಲ್ಲ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2015ರಲ್ಲಿ ಕೊಟ್ಟ ವರದಿಯಲ್ಲಿ ಗುರುತಿಸುವ ದಾರಿ ಹೇಳಿದೆ. ಮುಂಚೆ ಮಾಡುತ್ತಿದ್ದ ಕೆಲಸದಲ್ಲಿ ಎಷ್ಟೋ ಪಾಲು ಈಗ ಮಾಡಲು ಆಗುತ್ತಿರುವುದಿಲ್ಲ, ಹೀಗೆ ಆರು ತಿಂಗಳಿಗಿಂತ ಜಾಸ್ತಿ ಕಾಲ ಆಗಿರಬೇಕು. ವಿಶ್ರಾಂತಿ ತೆಗೆದುಕೊಂಡರೂ ಈ ಸುಸ್ತು ಹೋಗುವುದಿಲ್ಲ. ಎಷ್ಟು ನಿದ್ದೆ ಮಾಡಿದರೂ ಎದ್ದಾಗ ನಿದ್ದೆ ಮಾಡಿದ ಹಾಗೆ ಇರುವುದಿಲ್ಲ. ಮೈಯಿಗೋ ತಲೆಗೋ ಸ್ವಲ್ಪ ಕೆಲಸ ಜಾಸ್ತಿಯಾದರೆ ಆಮೇಲೆ ಎಲ್ಲವೂ ಒಟ್ಟಿಗೆ ಕೆಡುತ್ತದೆ. ಇದರ ಜೊತೆ ಯೋಚನೆ ಮಂಕಾಗುವುದೋ, ನಿಂತರೆ ತಲೆ ತಿರುಗಿ ಎದೆ ಹೊಡೆದುಕೊಳ್ಳುವುದೋ, ಎರಡರಲ್ಲಿ ಒಂದಾದರೂ ಇರುತ್ತದೆ.

ಇವುಗಳಲ್ಲಿ ಕಾಯಿಲೆಯ ಗುರುತು ಅಂತ ಹೇಳಬೇಕಾದ್ದು ‘ಆಮೇಲೆ ಕೆಡುವುದು’. ವೈದ್ಯರು ಇದಕ್ಕೆ ಪೋಸ್ಟ್ ಎಕ್ಸರ್ಷನಲ್ ಮಲೇಸ್ ಅನ್ನುತ್ತಾರೆ. ನಾನು ಮನೆಯಲ್ಲಿ ‘ಮಾರನೇ ದಿನ’ ಅನ್ನುತ್ತೇನೆ. ಎಷ್ಟೋ ಸಲ ಅದು ಕೆಲಸ ಮಾಡಿದ ಕೂಡಲೇ ಬರುವುದಿಲ್ಲ. ಕೆಲವು ಗಂಟೆ, ಒಂದು ದಿನ, ಎರಡು ದಿನ ಬಿಟ್ಟು ಬರುತ್ತದೆ. ಬಂದರೆ ದಿನಗಟ್ಟಲೆ, ವಾರಗಟ್ಟಲೆ ಇರುತ್ತದೆ. ಕೆಲಸ ಅಂದರೆ ಬಟ್ಟೆ ಒಗೆಯುವುದು, ಮೆಟ್ಟಿಲು ಹತ್ತುವುದು ಮಾತ್ರ ಅಲ್ಲ. ಬ್ಯಾಂಕಿನ ಫಾರಂ ತುಂಬುವುದೂ ಕೆಲಸ. ಒಂದು ಗಂಟೆ ಫೋನಿನಲ್ಲಿ ಮಾತಾಡುವುದೂ ಕೆಲಸ. ಜಗಳ ಅಂತೂ ದೊಡ್ಡ ಕೆಲಸ.

ಇದು ಬರೀ ಅನಿಸಿಕೆ ಅಲ್ಲ ಅನ್ನುವುದಕ್ಕೆ ಒಂದು ಪರೀಕ್ಷೆಯ ಬಗ್ಗೆ ಹೇಳಬೇಕು. ಮುಖಕ್ಕೆ ಮಾಸ್ಕ್ ಕಟ್ಟಿ, ನಿಂತಲ್ಲೇ ಇರುವ ಸೈಕಲ್ ತುಳಿಸಿ, ಮೈ ಎಷ್ಟು ಆಮ್ಲಜನಕ ಬಳಸುತ್ತದೆ ಅಂತ ಅಳೆಯುತ್ತಾರೆ. 24 ಗಂಟೆ ಬಿಟ್ಟು ಅದೇ ಪರೀಕ್ಷೆ ಮತ್ತೆ ಮಾಡುತ್ತಾರೆ. ಆರೋಗ್ಯವಾಗಿರುವವರು, ವ್ಯಾಯಾಮದ ರೂಢಿಯೇ ಇಲ್ಲದವರೂ ಸೇರಿ, ಎರಡನೇ ದಿನವೂ ಹೆಚ್ಚುಕಡಿಮೆ ಅಷ್ಟೇ ಅಂಕಿ ತೋರಿಸುತ್ತಾರೆ. ಈ ಕಾಯಿಲೆ ಇರುವವರಲ್ಲಿ ಎರಡನೇ ದಿನ ಅಂಕಿ ಇಳಿಯುವುದನ್ನು ಹಲವು ಅಧ್ಯಯನಗಳು ಕಂಡಿವೆ. ಮೊದಲ ದಿನ ಮಾತ್ರ ನೋಡಿದರೆ ನಾವೂ ಎಲ್ಲರ ಹಾಗೇ ಕಾಣಬಹುದು. ದೊಡ್ಡಮ್ಮನಿಗೆ ಆದದ್ದೂ ಅದೇ ಅಲ್ವಾ? (ಯಾರಿಗೋ ನಂಬಿಕೆ ಬರಿಸಲು ಈ ಪರೀಕ್ಷೆ ಮಾಡಿಸಿಕೊಳ್ಳಲು ಹೋಗಬೇಡಿ. ಪರೀಕ್ಷೆಯೇ ಮಲಗಿಸಿಬಿಡುತ್ತದೆ.)

ಯಾಕೆ ಬರುತ್ತದೆ ಅನ್ನುವುದಕ್ಕೆ ಒಂದೇ ಉತ್ತರ ವಿಜ್ಞಾನಕ್ಕೆ ಇನ್ನೂ ಸಿಕ್ಕಿಲ್ಲ. ಆದರೆ ತುಂಬಾ ಜನರಲ್ಲಿ ಒಂದು ಸೋಂಕು ಬಂದು ಹೋದ ಮೇಲೆ ಶುರುವಾಗುತ್ತದೆ. ನನಗೂ ಹಾಗೇ ಆಯಿತು. 2018ರಲ್ಲಿ ಒಂದು ವಾರ ವೈರಲ್ ಜ್ವರ ಬಂತು. ಜ್ವರ ಹೋಯಿತು, ನಾನು ಏಳಲಿಲ್ಲ. ಆಸ್ಟ್ರೇಲಿಯಾದ ಡಬ್ಬೊ ಅನ್ನುವ ಊರಿನಲ್ಲಿ ಮೂರು ಬೇರೆಬೇರೆ ಸೋಂಕು ಬಂದಿದ್ದ 253 ಜನರನ್ನು ಹಿಂಬಾಲಿಸಿ ನೋಡಿದ ಒಂದು ಅಧ್ಯಯನ 2006ರಲ್ಲಿ ಬಂತು. ಆರು ತಿಂಗಳಾದರೂ ನೂರಕ್ಕೆ 12 ಜನ ಚೇತರಿಸಿಕೊಂಡಿರಲಿಲ್ಲ. ಯಾರು ಹಾಗೆ ಉಳಿಯುತ್ತಾರೆ ಅನ್ನುವುದಕ್ಕೆ ಮೊದಲ ಜ್ವರ ಎಷ್ಟು ಜೋರಾಗಿತ್ತು ಅನ್ನುವುದು ಸೂಚನೆ ಕೊಟ್ಟಿತು. ಅವರ ಮನಸ್ಸು ಗಟ್ಟಿಯೋ ಮೆತ್ತಗೋ ಅನ್ನುವುದು ಕೊಡಲಿಲ್ಲ. ಕೋವಿಡ್ ಆದಮೇಲೆ ವರ್ಷಗಟ್ಟಲೆ ಏಳಲಾರದೆ ಇರುವವರಲ್ಲೂ ಎಷ್ಟೋ ಜನರ ಲಕ್ಷಣ ಇದೇ.

ಪದವೇ ನಮ್ಮ ಕೈ ಬಿಡುತ್ತದೆ

ಕನ್ನಡದಲ್ಲಿ ದಣಿವಿಗೆ ಪದಗಳಿಗೆ ಬರವಿಲ್ಲ. ಸುಸ್ತು, ಆಯಾಸ, ದಣಿವು, ಬಳಲಿಕೆ, ನಿಶ್ಶಕ್ತಿ, ಕೈಕಾಲು ಸೋತುಹೋಗುವುದು. ಆದರೆ ಎಲ್ಲದರ ಹಿಂದೆಯೂ ಒಂದು ನಂಬಿಕೆ ಇದೆ. ದುಡಿದರೆ ದಣಿವು, ಮಲಗಿದರೆ ಪರಿಹಾರ. ಗದ್ದೆ ನಾಟಿ ಮಾಡಿ ಬಂದವರಿಗೂ ಸುಸ್ತು, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಕೂತು ಬಂದವರಿಗೂ ಸುಸ್ತು. ನಾನು "ಸುಸ್ತು" ಅಂದ ಕೂಡಲೇ ಎದುರಿನವರು ತಮ್ಮ ಸುಸ್ತನ್ನು ನೆನಪು ಮಾಡಿಕೊಳ್ಳುತ್ತಾರೆ. ಅವರದು ಒಂದು ಕಾಫಿಗೆ, ಒಂದು ರಾತ್ರಿಯ ನಿದ್ದೆಗೆ ಹೋಗಿರುತ್ತದೆ. ಆಮೇಲೆ "ನಂಗೂ ಸುಸ್ತೇ ಕಣಮ್ಮ, ಏನ್ ಮಾಡೋದು" ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ದುಡಿಯದೆ ದಣಿದವರಿಗೆ ನಮ್ಮಲ್ಲಿ ಇರುವ ಹೆಸರು ಒಂದೇ, ಸೋಮಾರಿ.

ಇಂಗ್ಲಿಷಿನವರಿಗೂ ಇದೇ ಗೋಳು. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ನರ್ಸುಗಳು, ವೈದ್ಯರು ಸೇರಿ ಇನ್ನೂರಕ್ಕೂ ಹೆಚ್ಚು ಸಿಬ್ಬಂದಿ ಒಂದು ವಿಚಿತ್ರ ಕಾಯಿಲೆ ಬಿದ್ದರು. ಮರುವರ್ಷ ಎನ್ಸೆಫಲೋಮೈಲೈಟಿಸ್ ಅನ್ನುವ ಹೆಸರು ಬಂತು. 1970ರಲ್ಲಿ ಇಬ್ಬರು ಮನೋವೈದ್ಯರು, ಕಾಯಿಲೆ ಬಿದ್ದವರಲ್ಲಿ ಹೆಂಗಸರೇ ಜಾಸ್ತಿ ಅನ್ನುವುದನ್ನೂ ಒಂದು ಕಾರಣ ಮಾಡಿಕೊಂಡು, ಇದು ಸಾಮೂಹಿಕ ಹಿಸ್ಟೀರಿಯಾ ಅಂತ ಬರೆದರು. ರೋಗಿಗಳನ್ನು ಭೇಟಿ ಮಾಡಿ ಬರೆದದ್ದಲ್ಲ, ಹಳೆಯ ಕಾಗದಪತ್ರ ನೋಡಿ ಬರೆದದ್ದು. 1988ರಲ್ಲಿ ಅಮೆರಿಕದಲ್ಲಿ ‘ಕ್ರಾನಿಕ್ ಫಟೀಗ್ ಸಿಂಡ್ರೋಮ್’ ಅಂತ ಹೊಸ ಹೆಸರಿಟ್ಟರು. ಸರಳವಾಗಿ ಹೇಳಿದರೆ ‘ಬಹಳ ದಿನದ ಸುಸ್ತು’. ಆ ಹೆಸರಿನಿಂದ ನಮಗೆ ಆದಷ್ಟು ತೊಂದರೆ ಎಷ್ಟೋ ರೋಗಲಕ್ಷಣಗಳಿಂದಲೂ ಆಗಿಲ್ಲ ಅಂತ ನನಗೆ ಅನಿಸುತ್ತದೆ. ಕ್ಷಯಕ್ಕೆ ‘ಬಹಳ ದಿನದ ಕೆಮ್ಮು’ ಅಂತ ಹೆಸರಿಟ್ಟಿದ್ದರೆ ಯಾರಾದರೂ ಹೆದರುತ್ತಿದ್ದರಾ?

ಅದಕ್ಕೇ ನಾನು ಈಗ ಸುಸ್ತು ಅನ್ನುವ ಪದದಿಂದ ಮಾತು ಶುರು ಮಾಡುವುದಿಲ್ಲ. ‘ಹೇಗಿದ್ದೀಯ’ ಅಂದರೆ ‘ಸುಸ್ತು’ ಅನ್ನುವ ಬದಲು, "ನಿನ್ನೆ ಅರ್ಧ ಗಂಟೆ ಅಡುಗೆಮನೇಲಿ ನಿಂತಿದ್ದೆ, ಇವತ್ತು ಏಳೋಕೆ ಆಗಿಲ್ಲ" ಅನ್ನುತ್ತೇನೆ. ಏನು ಮಾಡಿದೆ, ಆಮೇಲೆ ಏನಾಯಿತು. ಇಷ್ಟೇ. ಕೇಳಿದವರು ಇದನ್ನು ತಮ್ಮ ಸುಸ್ತಿನ ಜೊತೆ ಹೋಲಿಸಲು ಹೋಗುವುದಿಲ್ಲ. ಅರ್ಧ ಗಂಟೆ ನಿಂತದ್ದಕ್ಕೆ ಅವರು ಯಾವತ್ತೂ ಒಂದು ದಿನ ಮಲಗಿರುವುದಿಲ್ಲವಲ್ಲ.

ಚಮಚ ಅಲ್ಲ, ಬೋರ್‌ವೆಲ್

ಅಮೆರಿಕದಲ್ಲಿ ಲೂಪಸ್ ಕಾಯಿಲೆ ಇದ್ದ ಕ್ರಿಸ್ಟಿನ್ ಮಿಸೆರಾಂಡಿನೋ ಅವರು 2003ರಲ್ಲಿ ‘ಚಮಚದ ಲೆಕ್ಕ’ವನ್ನು ಬರೆದರು. ಹೋಟೆಲಿನಲ್ಲಿ ಕೂತಿದ್ದಾಗ ಗೆಳತಿಗೆ ಅರ್ಥ ಮಾಡಿಸಲು ಸುತ್ತಲಿನ ಚಮಚಗಳನ್ನು ಒಟ್ಟು ಮಾಡಿ ಕೈಗೆ ಕೊಟ್ಟರಂತೆ. ಸ್ನಾನಕ್ಕೆ ಒಂದು ಚಮಚ, ಬಟ್ಟೆ ಹಾಕಿಕೊಳ್ಳಲು ಒಂದು. ಮುಗಿದರೆ ಆ ದಿನ ಮುಗಿಯಿತು. ಪ್ರಪಂಚದ ಎಷ್ಟೋ ಕಡೆ ಈ ಹೋಲಿಕೆ ಜನರಿಗೆ ಅರ್ಥವಾಗಿದೆ. ನಮ್ಮ ಅತ್ತೆಯ ಹತ್ತಿರ ನಾನೂ ಹೇಳಿ ನೋಡಿದೆ. "ಚಮಚಕ್ಕೂ ನಿನ್ನ ಮೈಗೂ ಏನಮ್ಮಾ ಸಂಬಂಧ?" ಅಂದರು. ಅವರು ಕೇಳಿದ್ದು ಸರಿಯೇ.

ಅತ್ತೆ ಬೆಳೆದದ್ದು ಚಿತ್ರದುರ್ಗದ ಕಡೆಯ ಹಳ್ಳಿಯಲ್ಲಿ. ಒಂದು ದಿನ ಹೀಗೆ ಹೇಳಿದೆ. "ಅತ್ತೆ, ನೀರು ಕಮ್ಮಿಯಾದ ಬೋರ್ ಹೇಗಿರತ್ತೆ ನೀವೇ ನೋಡಿದ್ದೀರಿ. ಶುರುವಿಗೆ ಚೆನ್ನಾಗೇ ಬರತ್ತೆ. ನೋಡಿದವರು ‘ನೀರಿದೆಯಲ್ಲ’ ಅಂತಾರೆ. ಇಪ್ಪತ್ತು ನಿಮಿಷ ಆದ್ರೆ ಬಿಟ್ಟುಬಿಟ್ಟು ಬರತ್ತೆ. ಆಗ ಮೋಟ್ರು ಆಫ್ ಮಾಡಿ ಕಾಯ್ಬೇಕು, ಒಳಗೆ ನೀರು ಊರಬೇಕು. ಹಠ ಮಾಡಿ ಓಡಿಸಿದ್ರೆ ಮೋಟ್ರೇ ಸುಟ್ಟುಹೋಗತ್ತೆ. ಆಮೇಲೆ ಎರಡು ವಾರ ನೀರಿಲ್ಲ. ನನ್ನ ಮೈ ಈಗ ಆ ಬೋರು." ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಂಗಾದ್ರೆ ಬಿಟ್ಟುಬಿಟ್ಟು ಬರೋ ಮುಂಚೇನೇ ಆಫ್ ಮಾಡ್ಬೇಕಲ್ವಾ?" ಅಂತ ಕೇಳಿದರು.

ಪೇಸಿಂಗ್ ಅಂತ ತಜ್ಞರು ಹೇಳಿಕೊಡುವ ವಿಷಯದ ಸಾರ ಆ ಪ್ರಶ್ನೆಯಲ್ಲೇ ಇದೆ. ಸುಸ್ತಾದ ಮೇಲೆ ಕೂರುವುದಲ್ಲ, ಸುಸ್ತಾಗುವ ಮುಂಚೆಯೇ ನಿಲ್ಲಿಸುವುದು. ಚೆನ್ನಾಗಿದ್ದ ದಿನ ಬಾಕಿ ಕೆಲಸವನ್ನೆಲ್ಲ ಮುಗಿಸಲು ಹೋಗದೆ ಇರುವುದು. ಇದನ್ನು ಮನೆಯವರಿಗೆ ಹೇಳಲೇಬೇಕು. ಯಾಕೆಂದರೆ ಹೊರಗಿನಿಂದ ನೋಡಿದರೆ ಇದಕ್ಕಿಂತ ವಿಚಿತ್ರ ಬೇರೆ ಇಲ್ಲ. ಚೆನ್ನಾಗೇ ಇರುವ ಹೆಂಗಸು ಪಾತ್ರೆ ಅರ್ಧ ತೊಳೆದು, ಉಳಿದದ್ದನ್ನು ಸಿಂಕಿನಲ್ಲೇ ಬಿಟ್ಟು ಹೋಗಿ ಮಲಗುತ್ತಾಳೆ. ಕಾರಣ ಗೊತ್ತಿಲ್ಲದವರಿಗೆ ಅದು ಉದಾಸೀನ. ಬೋರಿನ ಮಾತು ಗೊತ್ತಿರುವವರಿಗೆ ಅದು ಮೋಟ್ರು ಉಳಿಸಿಕೊಳ್ಳುವ ಕೆಲಸ.

ನಿಮ್ಮ ಮನೆಗೆ ಬೋರ್‌ವೆಲ್ ಹೊಂದದೆ ಇರಬಹುದು. ಕೇಳುವವರು ಯಾವುದರ ನಡುವೆ ಬದುಕಿದ್ದಾರೋ ಅದರಲ್ಲಿ ಹುಡುಕಿ. ಅಂಗಡಿ ಇಟ್ಟಿರುವ ನನ್ನ ಭಾವನಿಗೆ ಮೀಟರ್ ಬಡ್ಡಿ ಅಂದೆ. ಇವತ್ತು ಒಂದು ಗಂಟೆ ಸಾಲ ತೆಗೆದರೆ ನಾಳೆ ಒಂದು ದಿನ ಕಟ್ಟಬೇಕು, ತಪ್ಪಿದರೆ ವಾರ. ಮಗಳಿಗೆ ಆಗ ಎಂಟು ವರ್ಷ. ಅವಳಿಗೆ ಹಳೇ ಫೋನಿನ ಉದಾಹರಣೆ ಸಾಕಾಯಿತು. ರಾತ್ರಿ ಪೂರ್ತಿ ಚಾರ್ಜಿಗೆ ಹಾಕಿದರೂ ಮೂವತ್ತಕ್ಕೆ ನಿಲ್ಲುತ್ತದೆ, ಒಂದು ಕಾಲ್ ಮಾಡಿದರೆ ಆಫ್. ಅವಳು ಕೇಳಿದ್ದು ಬೇರೆ. "ನಾನು ಗಲಾಟೆ ಮಾಡಿದ್ದಕ್ಕೆ ಆಯ್ತಾ?" ಎಷ್ಟು ದಿನದಿಂದ ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಳೋ. ಮಕ್ಕಳಿರುವ ಮನೆಯಲ್ಲಿ ಈ ಒಂದು ಮಾತನ್ನು ಕೇಳುವ ತನಕ ಕಾಯಬೇಡಿ. ನಿನ್ನಿಂದ ಆದದ್ದಲ್ಲ, ಇದು ಅಂಟುವುದಿಲ್ಲ, ಅಮ್ಮ ಮಲಗಿದ್ದರೂ ನಿನ್ನ ಮೇಲೆ ಕೋಪ ಇಲ್ಲ. ಮೂರನ್ನೂ ಬಾಯಿಬಿಟ್ಟು ಹೇಳಿ.

ಗಂಡನಿಗೆ ಹೇಳಿದ್ದು ಬಾಯಿಯಿಂದಲ್ಲ

ಜೊತೆಯಲ್ಲೇ ಇರುವವರಿಗೆ ಎಲ್ಲ ಗೊತ್ತಿರುತ್ತದೆ ಅಂದುಕೊಳ್ಳುತ್ತೇವೆ. ನಮ್ಮ ಮನೆಯವರು ಬೆಳಿಗ್ಗೆ ಎಂಟೂವರೆಗೆ ಹೊರಟರೆ ರಾತ್ರಿ ಎಂಟಕ್ಕೆ ಬರುತ್ತಾರೆ. ಅವರು ಬರುವಾಗ ನಾನು ಹೇಗೋ ಎದ್ದು ಕೂತಿರುತ್ತಿದ್ದೆ. ಬಂದವರ ಮುಂದೆ ಮಲಗಿರಬಾರದು ಅಂತ. ಎರಡು ವರ್ಷ ಹೀಗೆ ಮಾಡಿದೆ. ಎರಡು ವರ್ಷ ಅವರಿಗೆ ಅರ್ಥವಾಗಲಿಲ್ಲ ಅಂತ ಅಳುತ್ತಿದ್ದೆ. ಮುಚ್ಚಿಟ್ಟವಳು ನಾನೇ.

ಮಾತಿನಲ್ಲಿ ಆಗದ್ದು ಕ್ಯಾಲೆಂಡರಿನಲ್ಲಿ ಆಯಿತು. ಅಡುಗೆಮನೆಯ ಗೋಡೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇರುತ್ತದಲ್ಲ, ಅದರಲ್ಲೇ ಗುರುತು ಹಾಕಲು ಶುರು ಮಾಡಿದೆ. ಹೊರಗೆ ಹೋದ ದಿನ, ಮನೆಗೆ ಯಾರಾದರೂ ಬಂದ ದಿನ, ತಲೆಗೆ ಎರೆದುಕೊಂಡ ದಿನ ಒಂದು ಚುಕ್ಕೆ. ಹಾಸಿಗೆ ಬಿಟ್ಟು ಏಳದ ದಿನ ಒಂದು ಗೆರೆ. ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಅವರೇ ಅದರ ಮುಂದೆ ನಿಂತು ಹಾಳೆ ತಿರುಗಿಸುತ್ತಿದ್ದರು. ಪ್ರತಿ ಚುಕ್ಕೆ ಆದಮೇಲೆ, ಒಂದೋ ಎರಡೋ ದಿನ ಬಿಟ್ಟು, ಗೆರೆಗಳ ಸಾಲು. ಅವರಿಗೆ ನಾನೇನೂ ವಿವರಿಸಬೇಕಾಗಲಿಲ್ಲ. "ಮದುವೆಗೆ ನಾನು ಒಬ್ಬನೇ ಹೋಗಿ ಬರ್ತೀನಿ, ಮುಯ್ಯಿ ಎಷ್ಟು ಹಾಕ್ಲಿ ಹೇಳು" ಅಂದರು.

ಆ ಕ್ಯಾಲೆಂಡರ್ ವೈದ್ಯರ ಹತ್ತಿರವೂ ಕೆಲಸಕ್ಕೆ ಬಂತು. ಅದಕ್ಕೂ ಮುಂಚೆ ಮೂರು ಕಡೆ ತೋರಿಸಿದ್ದೆ. ಒಂದು ಕಡೆ ರಕ್ತ ಪರೀಕ್ಷೆ ನೋಡಿ, "ಎಲ್ಲ ನಾರ್ಮಲ್ ಇದೆ, ಮನಸ್ಸಿಗೆ ಹಚ್ಕೋಬೇಡಿ" ಅಂದು ಕಳಿಸಿದ್ದರು. ‘ಡಾಕ್ಟ್ರೇ, ತುಂಬಾ ಸುಸ್ತು’ ಅಂತ ಹೋದರೆ ಅವರು ಮೊದಲು ರಕ್ತ ನೋಡುವುದು ಸರಿಯೇ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಜನರಿಗೆ ರಕ್ತಹೀನತೆ ಇದೆ. ಥೈರಾಯ್ಡ್, ಬಿ12, ಸಕ್ಕರೆ ಕಾಯಿಲೆ, ಕ್ಷಯ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಖಿನ್ನತೆ, ಇವನ್ನೆಲ್ಲ ನೋಡಲೇಬೇಕು. ಇವುಗಳಿಗೆ ಚಿಕಿತ್ಸೆ ಇದೆ. ಗೋವಾದ ಹೆಂಗಸರ ಬಗ್ಗೆ 2005ರಲ್ಲಿ ಬಂದ ಒಂದು ಅಧ್ಯಯನದಲ್ಲಿ ನೂರಕ್ಕೆ ಸುಮಾರು 12 ಜನ ಆರು ತಿಂಗಳಿಗಿಂತ ಜಾಸ್ತಿ ಸುಸ್ತು ಇದೆ ಅಂದಿದ್ದರು. ಅದರ ಜೊತೆ ಹೆಣೆದುಕೊಂಡಿದ್ದದ್ದು ಬಡತನ, ಗಂಡನಿಂದ ಹಿಂಸೆ, ಮನೆಯಲ್ಲಿ ಆಸರೆ ಇಲ್ಲದಿರುವುದು, ಮನಸ್ಸಿನ ನೋವು. ಬಹಳ ದಿನದ ಸುಸ್ತೆಲ್ಲ ನನ್ನ ಕಾಯಿಲೆ ಅಲ್ಲ. ಇದನ್ನು ಒತ್ತಿ ಹೇಳುತ್ತೇನೆ.

ಆದರೆ ಅವೆಲ್ಲ ಸರಿಯಿದ್ದರೂ ಏಳಲಾಗದಿದ್ದರೆ ವೈದ್ಯರಿಗೆ ಹೇಳುವ ರೀತಿ ಬದಲಾಗಬೇಕು. ಅರ್ಧ ಹಾಳೆಯಲ್ಲಿ ಬರೆದುಕೊಂಡು ಹೋಗಿ. ಕುರ್ಚಿಯಲ್ಲಿ ಕೂತಾಗ ಮಾತು ಮರೆತುಹೋಗುತ್ತದೆ, ಅದೂ ಕಾಯಿಲೆಯದೇ ಭಾಗ. ನನ್ನ ಹಾಳೆಯಲ್ಲಿ ಇದ್ದದ್ದು ಇಷ್ಟು. 2017ರಲ್ಲಿ ಹೈಸ್ಕೂಲಿನಲ್ಲಿ ದಿನಕ್ಕೆ ಐದು ಪೀರಿಯಡ್ ನಿಂತು ಗಣಿತ ಹೇಳುತ್ತಿದ್ದೆ. ಈಗ ಹತ್ತು ನಿಮಿಷ ನಿಂತರೆ ಕಣ್ಣು ಕತ್ತಲೆ. ಸ್ವಲ್ಪ ಜಾಸ್ತಿ ಕೆಲಸವಾದರೆ ಒಂದೆರಡು ದಿನ ಬಿಟ್ಟು ಗಂಟಲು ನೋವು, ಮೈಕೈ ನೋವು. ಅದು ಇರುವುದು ಇಷ್ಟು ದಿನ. ಜೊತೆಗೆ ಕ್ಯಾಲೆಂಡರಿನ ಮೂರು ಹಾಳೆ. ನಾಲ್ಕನೇ ವೈದ್ಯರು ಅದನ್ನು ನೋಡಿ, ಮಲಗಿಸಿ ನಾಡಿ ಎಣಿಸಿದರು. ಆಮೇಲೆ ಹತ್ತು ನಿಮಿಷ ನಿಲ್ಲಿಸಿ ಮತ್ತೆ ಎಣಿಸಿದರು. ನಿಂತಾಗ ನಾಡಿ ನಿಮಿಷಕ್ಕೆ 30 ಅಥವಾ ಇನ್ನೂ ಜಾಸ್ತಿ ಏರಿ ಹಾಗೇ ಉಳಿದರೆ ಅದಕ್ಕೆ ಪಾಟ್ಸ್ ಅನ್ನುತ್ತಾರೆ. ಈ ಕಾಯಿಲೆಯ ಜೊತೆ ಎಷ್ಟೋ ಜನರಿಗೆ ಅದೂ ಇರುತ್ತದೆ. ನನಗೂ ಇತ್ತು. ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ ಅಂತ ಅವರು ನೇರವಾಗಿಯೇ ಹೇಳಿದರು. ಆದರೂ ಅವತ್ತು ಆಟೋದಲ್ಲಿ ಸಮಾಧಾನದಿಂದ ಅತ್ತುಬಿಟ್ಟೆ. ಹೆಸರು ಸಿಕ್ಕಿತ್ತು.

"ದಿನಾ ವಾಕಿಂಗ್ ಮಾಡು"

ಸಲಹೆ ಕೊಡದ ಮನೆ ನಮ್ಮಲ್ಲಿ ಇಲ್ಲ. ಬೀಟ್ರೂಟು, ಅಶ್ವಗಂಧ, ರಾಗಿ ಅಂಬಲಿ, ದೃಷ್ಟಿ ತೆಗೆಸುವುದು. ಇವುಗಳ ಬಗ್ಗೆ ನಾನು ವಾದ ಮಾಡುವುದಿಲ್ಲ. ಅವರು ಕೊಡುತ್ತಿರುವುದು ಅಕ್ಕರೆ. "ವೈದ್ಯರನ್ನ ಕೇಳಿ ನೋಡ್ತೀನಿ" ಅಂದರೆ ಮುಗಿಯಿತು. ವಾದ ಮಾಡಲು ಶಕ್ತಿ ಬೇಕು, ಆ ಶಕ್ತಿಯಲ್ಲಿ ಸ್ನಾನ ಮಾಡಬಹುದು.

ಒಂದು ಸಲಹೆಗೆ ಮಾತ್ರ ಸುಮ್ಮನಿರಬಾರದು. ‘ಇವತ್ತು ಐದು ನಿಮಿಷ ನಡಿ, ನಾಳೆ ಹತ್ತು, ಆಮೇಲೆ ಅಭ್ಯಾಸ ಆಗತ್ತೆ’ ಅನ್ನುವುದು. ಬೇರೆ ಎಷ್ಟೋ ಕಾಯಿಲೆಗಳಿಗೆ ಒಳ್ಳೆಯ ಸಲಹೆ ಇದು. ಹಾಗಾಗಿಯೇ ಇಲ್ಲಿ ಅಪಾಯ. ಬ್ರಿಟನ್ನಿನಲ್ಲಿ ವರ್ಷಗಟ್ಟಲೆ ವೈದ್ಯರೇ ಇದನ್ನು ಚಿಕಿತ್ಸೆ ಅಂತ ಕೊಟ್ಟರು, ಗ್ರೇಡೆಡ್ ಎಕ್ಸರ್ಸೈಜ್ ಥೆರಪಿ ಅಂತ. ಇದರಿಂದ ಇನ್ನೂ ಕೆಟ್ಟೆವು ಅಂತ ರೋಗಿಗಳು ಕೂಗಿ ಹೇಳುತ್ತಲೇ ಇದ್ದರು. ಅಲ್ಲಿನ ಚಿಕಿತ್ಸಾ ಮಾರ್ಗಸೂಚಿ ಬರೆಯುವ ಸಂಸ್ಥೆ ನೈಸ್, 2021ರ ಅಕ್ಟೋಬರಿನಲ್ಲಿ, ಈ ಕಾಯಿಲೆಗೆ ಹಂತಹಂತವಾಗಿ ವ್ಯಾಯಾಮ ಏರಿಸುವ ಕಾರ್ಯಕ್ರಮ ಕೊಡಬೇಡಿ ಅಂತ ಬರೆಯಿತು. ಮನೋಚಿಕಿತ್ಸೆಯನ್ನೂ ಕಾಯಿಲೆ ವಾಸಿ ಮಾಡುತ್ತದೆ ಅಂತ ಕೊಡಬೇಡಿ, ಇದರ ಜೊತೆ ಬದುಕಲು ಆಸರೆಯಾಗಿ ಬೇಕಾದವರಿಗೆ ಕೊಡಿ ಅಂದಿತು. ನಾನು ಹೇಳುವುದು ಹೀಗೆ: "ನಡೆಯೋದು ಒಳ್ಳೇದು ಅಂತ ನಂಗೂ ಗೊತ್ತು. ಈ ಒಂದು ಕಾಯಿಲೆಗೆ ಮಾತ್ರ ಅದು ಉಲ್ಟಾ. ಮಿತಿ ದಾಟಿದ್ರೆ ಇರೋದನ್ನೂ ಕಳ್ಕೋತೀನಿ." ವಯಸ್ಸಾದವರಿಗೆ ಇನ್ನೊಂದು ಸೇರಿಸುತ್ತೇನೆ. 2006ರಲ್ಲಿ ನಮ್ಮ ರಾಜ್ಯದಲ್ಲಿ ಲಕ್ಷಾಂತರ ಜನ ಚಿಕೂನ್‌ಗುನ್ಯಾದಲ್ಲಿ ಬಿದ್ದರು. ಜ್ವರ ಹೋದಮೇಲೂ ತಿಂಗಳುಗಟ್ಟಲೆ ಎದ್ದು ನಿಲ್ಲಲಾರದೆ ಗೋಡೆ ಹಿಡಿದು ನಡೆದದ್ದು ಎಷ್ಟೋ ಜನರಿಗೆ ನೆನಪಿದೆ. "ಆಗ ನಿಮಗೆ ಯಾರಾದ್ರೂ ಸೋಮಾರಿ ಅಂದಿದ್ರಾ?" ಕಾಯಿಲೆ ಬೇರೆ, ಆದರೆ ಆ ನೆನಪು ಬಾಗಿಲು ತೆರೆಯುತ್ತದೆ.

‘ಎಲ್ಲ ಮನಸ್ಸಿಂದ’ ಅನ್ನುವ ಮಾತು ನೋಯಿಸುತ್ತದೆ. ಅದಕ್ಕೆ ಸಿಟ್ಟಾಗಿ, ಮನಸ್ಸಿನ ಕಾಯಿಲೆ ಅಂದರೆ ಕಾಯಿಲೆಯೇ ಅಲ್ಲ ಅನ್ನುವ ಹಾಗೆ ಉತ್ತರ ಕೊಡಬಾರದು. ಖಿನ್ನತೆಯೂ ನಿಜವಾದ ಕಾಯಿಲೆಯೇ. ನನಗೆ ಮಾಡಬೇಕು ಅನ್ನುವ ಆಸೆ ಬೆಟ್ಟದಷ್ಟಿದೆ, ಮೈ ಬಿಡುತ್ತಿಲ್ಲ. ಖಿನ್ನತೆಯಲ್ಲಿ ಎಷ್ಟೋ ಸಲ ಆ ಆಸೆಯೇ ಬತ್ತಿರುತ್ತದೆ. ಎರಡೂ ಒಟ್ಟಿಗೆ ಬರಬಹುದು. ವರ್ಷಗಟ್ಟಲೆ ಕೋಣೆಯಲ್ಲಿ ಮಲಗಿದವರಿಗೆ ಬದುಕು ಬೇಡ ಅನಿಸಿದರೆ ಅದನ್ನು ಒಳಗೇ ಇಟ್ಟುಕೊಳ್ಳಬೇಡಿ. ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಕೆಲಸದ ಜಾಗದ ಬಗ್ಗೆ ಹೇಳಲು ಸ್ವಲ್ಪವೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿ ಈ ಕಾಯಿಲೆಯ ಹೆಸರಿಲ್ಲ. ಹಾಗಾಗಿ ಮೇಲಿನವರ ಹತ್ತಿರ ಪೂರ್ತಿ ಕಥೆ ಹೇಳುವುದಕ್ಕಿಂತ ಬೇಕಾದ್ದನ್ನು ಕೇಳುವುದು ವಾಸಿ. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ, ಕೂತು ಪಾಠ ಮಾಡಲು ಒಂದು ಕುರ್ಚಿ, ಮೇಲಿನ ಮಹಡಿ ಬದಲು ಕೆಳಗಿನ ಕೋಣೆ. ನಾನು ಕುರ್ಚಿ ಕೇಳಲಿಲ್ಲ. ನಾಚಿಕೆಪಟ್ಟೆ, ನಿಂತೇ ಪಾಠ ಮಾಡಿದೆ, ಎಂಟು ತಿಂಗಳಿಗೆ ಕೆಲಸ ಬಿಟ್ಟೆ. ಈಗಲೂ ಅದು ಕೊರೆಯುತ್ತದೆ.

ಎಲ್ಲರಿಗೂ ಎಲ್ಲ ಹೇಳಬೇಕಿಲ್ಲ ಅನ್ನುವುದನ್ನೂ ನಿಧಾನವಾಗಿ ಕಲಿತೆ. ಎದುರು ಮನೆಯವರಿಗೆ "ಆರೋಗ್ಯ ಅಷ್ಟಕ್ಕಷ್ಟೇ" ಸಾಕು. ಬೀಗರಿಗೆ, "ಬರ್ತೀವಿ, ಆದ್ರೆ ಅರ್ಧ ಗಂಟೆ ಕೂತು ಹೊರಡ್ತೀನಿ, ಊಟಕ್ಕೆ ನಿಲ್ಲಲ್ಲ, ತಪ್ಪು ತಿಳ್ಕೋಬೇಡಿ" ಅಂತ ಮುಂಚೆಯೇ ಫೋನಿನಲ್ಲಿ ಹೇಳಿಬಿಡುವುದು. ಅಲ್ಲಿ ಹೋಗಿ ಹೇಳಿದರೆ ಯಾರೂ ಬಿಡುವುದಿಲ್ಲ. ಪೂರ್ತಿ ಕಥೆಯನ್ನು ಮೂರ್ನಾಲ್ಕು ಜನರಿಗೆ ಇಟ್ಟುಕೊಳ್ಳಿ. ಅದನ್ನೂ ಚೆನ್ನಾಗಿದ್ದ ದಿನ, ಸಾವಕಾಶವಾಗಿ ಹೇಳಿ. ಬಿದ್ದ ದಿನ ಹೇಳಲು ಹೋದರೆ ಬರೀ ಅಳು ಬರುತ್ತದೆ.

ಇನ್ನು ಕೇಳಿಸಿಕೊಳ್ಳುವವರಿಗೆ ಒಂದು ಮಾತು, ನಿಮ್ಮ ಮನೆಯಲ್ಲೋ ಸ್ನೇಹದಲ್ಲೋ ಇಂಥವರಿದ್ದರೆ. "ಏನಾದ್ರೂ ಬೇಕಾದ್ರೆ ಹೇಳು" ಅಂದರೆ ನಾವು ಕೇಳುವುದಿಲ್ಲ. ಏನು ಬೇಕು ಅಂತ ಯೋಚಿಸುವುದಕ್ಕೂ ಶಕ್ತಿ ಬೇಕು. "ಗುರುವಾರ ಸಾರು ಪಲ್ಯ ತರ್ತೀನಿ, ಬಾಗಿಲ ಹತ್ರ ಇಟ್ಟು ಹೋಗ್ತೀನಿ, ನೀನು ಏಳ್ಬೇಡ" ಅನ್ನುವ ಗೆಳತಿ ನನಗಿದ್ದಾಳೆ. ಅವಳು ಒಳಗೆ ಬರುವುದಿಲ್ಲ, ಬೇಜಾರೂ ಮಾಡಿಕೊಳ್ಳುವುದಿಲ್ಲ. ಐದು ವರ್ಷದಲ್ಲಿ ನಾನು ಬರುತ್ತೇನೆ ಅಂದು ತಪ್ಪಿಸಿದ ಸಲ ಎಷ್ಟೋ. ಅವಳು ಕರೆಯುವುದನ್ನು ಬಿಟ್ಟಿಲ್ಲ. ಅದೂ ಮುಖ್ಯ. ಹೇಗಿದ್ದರೂ ಬರುವುದಿಲ್ಲ ಅಂತ ಕರೆಯದೆ ಇರಬೇಡಿ.

ದೊಡ್ಡಮ್ಮನಿಗೆ ಬೋರಿನ ಕಥೆ ಹೇಳಿದ್ದು ಅತ್ತೆ, ಯಾವುದೋ ನಾಮಕರಣದಲ್ಲಿ ಸಿಕ್ಕಾಗ. ಹೋದ ತಿಂಗಳು ಅವರ ಮೊಮ್ಮಗಳ ಆರತಿಗೆ ಅರ್ಧ ಗಂಟೆ ಹೋಗಿ ಬಂದೆ. ಮೂರನೇ ದಿನ ಫೋನ್ ಬಂತು. "ಏನೇ, ನೀರು ಊರ್ತಾ?"

"ಇನ್ನೂ ಇಲ್ಲ ದೊಡ್ಡಮ್ಮ" ಅಂದೆ.

"ಸರಿ, ಮಲ್ಕೋ. ಸೋಮವಾರ ಮಾಡ್ತೀನಿ" ಅಂತ ಇಟ್ಟರು.